ಚೀಟಿ ಎತ್ತುವವರೆಗೆ

ಜನವರಿ ೧೧, ಭಾನುವಾರ

ಇವತ್ತು ನೀರಿನ ಟ್ಯಾಂಕಿನ ಕೆಳಗೆ ಸಭೆ. ನಮ್ಮ ಗುಂಪಿನ ಎಂಟು ಮನೆಯವರೂ ಬಂದಿದ್ದರು. ನಗರಸಭೆಯ ಎಂಜಿನಿಯರಮ್ಮ ಎರಡು ನೋಟ್‌ಬುಕ್ ತಂದು, "ನಿಮ್ಮಲ್ಲಿ ಯಾರ ಅಕ್ಷರ ಚೆನ್ನಾಗಿದೆ?" ಎಂದು ಕೇಳಿದರು. ಪಂಕ್ಚರ್ ಅಂಗಡಿಯವನು ನನ್ನ ಬೆನ್ನಿಗೆ ಕೈ ಹಾಕಿ ಮುಂದೆ ತಳ್ಳಿದ. "ಟೈಲರ್ ಬರೀಲಿ ಬಿಡಿ ಮೇಡಂ. ಅವನ ಕೈ ನೋಡಿ, ಗುದ್ದಲಿ ಹಿಡಿಯೋ ಕೈಯಾ ಅದು?" ಎಲ್ಲರೂ ನಕ್ಕರು. ಹೀಗೆ ನಾನು ಗುಂಪಿನ ಕಾರ್ಯದರ್ಶಿಯಾದೆ. ಒಂದು ನೋಟ್‌ಬುಕ್ ಗುಂಪಿಗೆ. ಇನ್ನೊಂದನ್ನು ಕೇಳಿ ನಾನೇ ಇಟ್ಟುಕೊಂಡೆ. ಇದನ್ನು ಯಾರೂ ಓದುವುದಿಲ್ಲ.

ಯೋಜನೆ ಹೀಗಿದೆ. ನಗರಸಭೆ ಜಾಗ, ಸಿಮೆಂಟು, ಮರಳು, ಕಬ್ಬಿಣ ಕೊಡುತ್ತದೆ. ದುಡಿಮೆ ನಮ್ಮದು. ಪ್ರತಿ ಮನೆಯಿಂದ ಇಬ್ಬರು ದೊಡ್ಡವರು ಶನಿವಾರ, ಭಾನುವಾರ ಬರಲೇಬೇಕು. ಎಂಟು ಮನೆಗಳನ್ನೂ ಎಲ್ಲರೂ ಸೇರಿ ಕಟ್ಟಬೇಕು. ಯಾವುದು ಯಾರದೆಂಬುದು ಎಲ್ಲ ಮುಗಿದು ಚೀಟಿ ಎತ್ತಿದ ಮೇಲೆಯೇ ಗೊತ್ತಾಗುವುದು. ತರಕಾರಿ ಮಾರುವ ಅಕ್ಕ ಕೂಡಲೇ ಗುಟ್ಟು ಹಿಡಿದಳು: "ಅಂದ್ರೆ ಯಾರ ಮನೇನ ಕೆಡಿಸಿದ್ರೂ ಅದು ನಮ್ಮ ತಲೆಗೇ ಬರಬಹುದು ಅನ್ನಿ."

ಹದಿನೆಂಟು ವರ್ಷ ಕಾಲುವೆಯ ದಂಡೆಯಲ್ಲಿ, ತಗಡಿನ ಕೆಳಗೆ ಬದುಕಿದವನು ನಾನು. ಬಂದಾಗ ಆಚೆ ದಡದಲ್ಲಿ ಬಯಲಿತ್ತು; ಈಗ ಎಂಟು ಮಹಡಿಯ ಕಟ್ಟಡಗಳು ನಮ್ಮ ಮೇಲೆ ನೆರಳು ಚೆಲ್ಲುತ್ತವೆ. ಇವತ್ತು ಮುದ್ರೆ ಬಿದ್ದ ಕಾಗದ ಕೈಗೆ ಬಂದಾಗ ಕಣ್ಣು ತುಂಬಿತು. ಎಂಜಿನಿಯರಮ್ಮನಿಗೆ, ಅರ್ಜಿ ಬರೆದುಕೊಟ್ಟ ಗುಮಾಸ್ತರಿಗೆ, ಕಾಲುವೆ ಉಕ್ಕಿದಾಗಲೂ ಕೆಡದೆ ಅನ್ನ ಹಾಕಿದ ನನ್ನ ಹೊಲಿಗೆ ಯಂತ್ರಕ್ಕೆ, ಎಲ್ಲರಿಗೂ ಮನಸ್ಸಿನಲ್ಲೇ ಕೈಮುಗಿದೆ.

ಮನೆಯಲ್ಲಿ ನಾವು ಮೂವರು: ನಾನು, ಹದಿನಾಲ್ಕರ ಮಗಳು, ಮತ್ತೆ ನನ್ನ ಹೆಂಡತಿಯ ತಾಯಿ. ಹೆಂಡತಿ ತೀರಿಕೊಂಡು ಎರಡು ವರ್ಷವಾಯಿತು, ಮುದುಕಿ ಉಳಿದುಕೊಂಡಳು. ಹೊಸ ಮನೆಯೆಂದರೆ ಒಂದು ಕೋಣೆ, ಒಂದು ಅಡುಗೆಮನೆ. ಯಂತ್ರ ಇಡಬೇಕು, ಮಗಳು ಓದಬೇಕು, ಇವಳು ಎಲ್ಲಿ ಮಲಗುವುದು? ಸ್ವಂತ ಮಗನಿದ್ದಾನೆ, ಊರಿನ ಆ ತುದಿಯಲ್ಲಿ, ಮೂರು ಕೋಣೆಯ ಮನೆ. ಕಳೆದ ವಾರ ಅವನಿಗೆ ಫೋನ್ ಮಾಡಿದೆ. "ಮನೆ ಮುಗಿಯೋ ಹೊತ್ತಿಗೆ ಬಂದು ಕರ್ಕೊಂಡು ಹೋಗ್ತೀನಿ ಭಾವ" ಎಂದ. ಅಲ್ಲಿಯವರೆಗೆ ಅವಳು ಬೇಕು. ಮಗಳು ಚಿಕ್ಕವಳು, ಇಬ್ಬರು ದೊಡ್ಡವರೆಂದರೆ ನಮ್ಮಲ್ಲಿ ಬೇರೆ ಯಾರಿದ್ದಾರೆ? ಇದರಲ್ಲಿ ತಪ್ಪೇನೂ ಇಲ್ಲ.

ಜನವರಿ ೧೮, ಭಾನುವಾರ

ಪಾಯ ಅಗೆಯುವ ಕೆಲಸ. ಹತ್ತು ಗಂಟೆಯೊಳಗೆ ನನ್ನ ಎರಡೂ ಅಂಗೈಯಲ್ಲಿ ಬೊಬ್ಬೆ. ಸೋಮವಾರ ಹೊಲಿಯುವುದು ಹೇಗೆ ಎಂಬ ಚಿಂತೆಯಲ್ಲಿ ಕೈ ನೋಡಿಕೊಳ್ಳುತ್ತಾ ಕೂತಿದ್ದೆ. ಮುದುಕಿ ಬಂದು ತನ್ನ ಹಳೇ ಸೀರೆಯ ಅಂಚು ಹರಿದು ನನ್ನ ಕೈಗೆ ಸುತ್ತಿದಳು.

"ಗುದ್ದಲೀನ ಹಿಸುಕಬೇಡ. ಅದೇನು ಓಡಿಹೋಗುತ್ತಾ? ಸಡಿಲ ಹಿಡಿ, ಭಾರ ಅದೇ ಬೀಳುತ್ತೆ."

"ನಿಮಗೆ ಹೇಗೆ ಗೊತ್ತು ಅತ್ತೆ?"

"ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅಂತಾರಲ್ಲ. ಮದುವೆ ಮಾಡಿ ನೋಡಿದೆ, ನೀನು ಸಿಕ್ಕಿದೆ. ಇದನ್ನೂ ನೋಡಿಬಿಡ್ತೀನಿ."

ಪಂಕ್ಚರ್ ಅಂಗಡಿಯವನು ಬಿದ್ದು ಬಿದ್ದು ನಕ್ಕ. ನನಗೆ ನಗು ಬರಲಿಲ್ಲ.

ಮಧ್ಯಾಹ್ನ ಏಳನೇ ಮನೆಯ ಮೂಲೆಯಲ್ಲಿ ಅವಳು ಗುಂಡಿಗೆ ಇಳಿದು ಮಣ್ಣನ್ನು ಮುಷ್ಟಿಯಲ್ಲಿ ಹಿಂಡಿ, "ಇದು ಮಣ್ಣಲ್ಲ, ಕಸ ತುಂಬಿಸಿದ ಜಾಗ. ಇನ್ನೂ ಒಂದು ಮೊಳ ಹೋಗ್ಬೇಕು" ಎಂದಳು. ಎಂಜಿನಿಯರಮ್ಮ ಕಬ್ಬಿಣದ ಸರಳು ಚುಚ್ಚಿ ನೋಡಿದರು. ಬೆಣ್ಣೆಗೆ ಚುಚ್ಚಿದಂತೆ ಇಳಿಯಿತು. "ಅಜ್ಜಿ, ನಿಮಗೆ ಥ್ಯಾಂಕ್ಸ್" ಎಂದರು. ಒಂದು ಮೊಳ ಹೆಚ್ಚು ಅಗೆದಿದ್ದು ಮಾತ್ರ ನಾವು.

ಫೆಬ್ರವರಿ ೮, ಭಾನುವಾರ

ಪಾಯ ಮುಗಿಯಿತು. ಈಗ ಸಿಮೆಂಟ್ ಕಲ್ಲು ಅಚ್ಚು ಹಾಕುವ ಕೆಲಸ. ಕೈಯಂತ್ರದ ಹಿಡಿ ಎಳೆಯಲು ಇಬ್ಬರು, ಮಿಶ್ರಣ ಮಾಡಲು ಇಬ್ಬರು, ನೀರು ಹಾಕಲು ಒಬ್ಬರು. ಮಿಶ್ರಣಕ್ಕೆ ನೀರು ಎಷ್ಟು ಎಂಬುದನ್ನು ಅತ್ತೆ ಬೆರಳಿಂದಲೇ ಹೇಳುತ್ತಾರೆ. ಎಲ್ಲರೂ ಅವರನ್ನು ಮೇಸ್ತ್ರಿಯಮ್ಮ ಎಂದು ಕರೆಯತೊಡಗಿದ್ದಾರೆ. ಮೊದಲು ತಮಾಷೆಗೆ ಕರೆಯುತ್ತಿದ್ದರು. ಈಗ ತಮಾಷೆ ಕಾಣುವುದಿಲ್ಲ.

ಚಹಾದ ಹೊತ್ತಿಗೆ ತರಕಾರಿ ಅಕ್ಕ ಕೇಳಿದಳು, ಇದೆಲ್ಲ ಎಲ್ಲಿ ಕಲಿತಿರಿ ಎಂದು. ಅತ್ತೆ ಕಾಲುವೆಯಾಚೆಯ ಎತ್ತರದ ಕಟ್ಟಡದ ಕಡೆ ಗಲ್ಲ ಎತ್ತಿದರು.

"ಅದರ ಆರನೇ ಮಹಡೀವರೆಗೆ ಇಟ್ಟಿಗೆ ಹೊತ್ತಿದೀನಿ. ಏಳನೇದಕ್ಕೆ ಲಿಫ್ಟ್ ಬಂತು, ನನ್ನ ಬಿಡಿಸಿದ್ರು. ಮೂವತ್ತು ವರ್ಷ ಹೊತ್ತೆ. ಮೇಸ್ತ್ರಿ ಬೀಡಿ ಸೇದೋಕೆ ಹೋದಾಗ ಅವನ ಕರಣೆ ತಗೊಂಡು ನಾಲ್ಕು ಕಲ್ಲು ಇಡ್ತಿದ್ದೆ. ಬಂದು ನೋಡಿ ಬೈತಿದ್ದ. ಆದ್ರೆ ಕೀಳ್ತಿರಲಿಲ್ಲ."

ದಾರಿಯಲ್ಲಿ ನಾನು ಕೇಳಿದೆ, "ಇದನ್ನ ನನಗೆ ಯಾವತ್ತೂ ಹೇಳಲೇ ಇಲ್ಲವಲ್ಲ ಅತ್ತೆ?"

"ನೀನು ಕೇಳಿದ್ಯಾ?"

ಹದಿನಾರು ವರ್ಷದ ನಂಟು. ಕೇಳಿರಲಿಲ್ಲ.

ಫೆಬ್ರವರಿ ೨೨, ಭಾನುವಾರ

ಬೆನ್ನು. ಬರೆಯಲಾರೆ. ಕಲ್ಲು ಸಾವಿರ ದಾಟಿತು.

ಮಾರ್ಚ್ ೮, ಭಾನುವಾರ

ಮೂರನೇ ಮನೆಯ ಗೋಡೆ ನನ್ನ ತಲೆಯ ಎತ್ತರಕ್ಕೆ ಬಂತು. ಪೂರ್ತಿ ಅತ್ತೆ ಕಟ್ಟಿದ್ದು. ನಾನು ಕಲ್ಲು ಕೊಡುತ್ತಿದ್ದೆ. ಅವರ ಕರಣೆ ಗಾರೆಯನ್ನು ಹರವುವ ರೀತಿ ಮಗಳು ಬ್ರೆಡ್ಡಿಗೆ ಜಾಮ್ ಹಚ್ಚುವ ಹಾಗಿರುತ್ತದೆ, ಒಂದೇ ಎಳೆತ. ನನ್ನ ಕೈ ಈಗ ಒರಟಾಗಿದೆ. ತೆಳು ಬಟ್ಟೆ ಹೊಲಿಯುವಾಗ ನೂಲು ಬೆರಳಿಗೆ ಸಿಕ್ಕಿಕೊಳ್ಳುತ್ತದೆ. ನನಗೆ ಹೊಲಿಯಲು ಕೊಡುವ ಬಟ್ಟೆ ಅಂಗಡಿಯವರು ಸದ್ಯಕ್ಕೆ ದಪ್ಪ ಬಟ್ಟೆಯ ಕೆಲಸವನ್ನೇ ಕೊಡುತ್ತಿದ್ದಾರೆ, ಕೇಳದೆಯೇ. ಒಳ್ಳೆಯವರು.

ಮಾರ್ಚ್ ೧೪, ಶನಿವಾರ

ಆಗಬಾರದ್ದು ಆಯಿತು.

ಎಂಜಿನಿಯರಮ್ಮ ಗೋಡೆ ತಪಾಸಣೆಗೆ ಬಂದರು. ದಾರಕ್ಕೆ ತೂಕದ ಗುಂಡು ಕಟ್ಟಿ ಮೂರನೇ ಮನೆಯ ಗೋಡೆಯ ಮೇಲಿಂದ ಇಳಿಬಿಟ್ಟರು. ಕೆಳಗೆ ಬರುವ ಹೊತ್ತಿಗೆ ಗೋಡೆಗೂ ದಾರಕ್ಕೂ ಎರಡು ಬೆರಳು ಅಂತರ. ಗೋಡೆ ಹೊರಗೆ ವಾಲಿದೆ. ಸೊಂಟದಿಂದ ಮೇಲೆ ಪೂರ್ತಿ ಕೆಡವಬೇಕು. ಮಳೆಗಾಲದೊಳಗೆ ಛಾವಣಿ ಹಾಕದಿದ್ದರೆ ನಮ್ಮ ಸರದಿ ಬೇರೆ ಗುಂಪಿಗೆ ಹೋಗುತ್ತದೆ, ನಾವು ಇನ್ನೊಂದು ವರ್ಷ ಕಾಲುವೆ ದಂಡೆಯಲ್ಲೇ.

ಪಂಕ್ಚರ್ ಅಂಗಡಿಯವನು ಟೋಪಿ ತೆಗೆದು ನೆಲಕ್ಕೆ ಹೊಡೆದ. "ಎರಡು ವಾರದ ಕೆಲಸ! ಯಾರು ಕಟ್ಟಿದ್ದು ಇದನ್ನ?"

ಅತ್ತೆ, "ದಾರಾನೇ ಸರಿ ಇಲ್ಲ" ಎಂದರು.

"ಕುಣೀಲಾರದವಳು ನೆಲ ಡೊಂಕು ಅಂದಳಂತೆ" ಎಂದ ಅವನು, ಎಲ್ಲರಿಗೂ ಕೇಳುವ ಹಾಗೆ.

ನಾನು ಅತ್ತೆಯ ಮುಖ ನೋಡುತ್ತಿದ್ದೆ. ಅವರು ದಾರ ಇರುವ ಕಡೆ ನೋಡುತ್ತಿರಲಿಲ್ಲ, ಅದರಿಂದ ಒಂದು ಗೇಣು ಆಚೆ ನೋಡುತ್ತಿದ್ದರು. ಆಗ ಒಂದೊಂದೇ ನೆನಪಾಯಿತು. ಲೋಟದ ಪಕ್ಕಕ್ಕೆ ಸುರಿದ ಚಹಾ. ಸೂಜಿಗೆ ನೂಲು ಪೋಣಿಸಲು ಮೊಮ್ಮಗಳನ್ನು ಕರೆಯುವುದು. ಎಲ್ಲವನ್ನೂ ಬೆರಳಿಂದ ಮುಟ್ಟಿ ಮುಟ್ಟಿ ನೋಡುವುದು.

ಮನೆಗೆ ಬಂದ ಮೇಲೆ ಮಗಳನ್ನು ನೀರಿಗೆ ಕಳಿಸಿ ಕೇಳಿದೆ.

"ಕಣ್ಣು ಯಾವಾಗಿಂದ ಹೀಗಿದೆ?"

"ಒಂದು ವರ್ಷ ಆಗಿರಬಹುದು. ಹೊಗೆ ಥರ ಕಾಣ್ಸುತ್ತೆ."

"ಯಾಕೆ ಹೇಳಲಿಲ್ಲ?"

"ಹೇಳಿದ್ರೆ ನಾಳೇನೇ ಕಳಿಸ್ತಿದ್ದೆ. ಕೆಲಸಕ್ಕಾದ್ರೂ ಬೇಕು ಅಂತ ಮನೆ ಮುಗಿಯೋವರೆಗೆ ಇಟ್ಕೊಂಡಿದೀಯ. ಕಣ್ಣು ಹೋಗಿದೆ, ಕಿವಿ ಹೋಗಿಲ್ಲ ಅಳಿಯಾ. ನೀನು ಫೋನಲ್ಲಿ ಜೋರಾಗಿ ಮಾತಾಡ್ತೀಯ."

ಅವರ ದನಿಯಲ್ಲಿ ಕೋಪ ಇರಲಿಲ್ಲ. ಇದ್ದಿದ್ದರೆ ಏನಾದರೂ ಹೇಳಬಹುದಿತ್ತು. ಯಂತ್ರದ ಮುಂದೆ ಕೂತೆ. ಹೊಲಿದದ್ದನ್ನೆಲ್ಲ ಬಿಚ್ಚಬೇಕಾಯಿತು.

ಮಾರ್ಚ್ ೧೫, ಭಾನುವಾರ

ಬೆಳಿಗ್ಗೆ ಗೋಡೆ ಕೆಡವಲು ಎಲ್ಲರೂ ಸೇರಿದರು. ನಾನು ಮುಂದೆ ಹೋಗಿ, "ತಪ್ಪು ನನ್ನದು. ದಾರ ಹಿಡಿದಿದ್ದವನು ನಾನು" ಎಂದೆ.

"ಸುಳ್ಳು" ಎಂದರು ಅತ್ತೆ. "ಇವನ ಕೈಗೆ ದಾರ ಕೊಟ್ಟವರು ಯಾರು? ನಾನೇ ಕಟ್ಟಿದ್ದು. ನನಗೆ ಕಣ್ಣು ಸರಿಯಾಗಿ ಕಾಣಲ್ಲ. ಹೇಳಿದ್ರೆ ಬೇಡ ಅಂತೀರಿ ಅಂತ ಮುಚ್ಚಿಟ್ಟೆ. ಈಗ ಏನು ಅಂತೀರೋ ಅನ್ನಿ."

ಪಂಕ್ಚರ್ ಅಂಗಡಿಯವನು ಮುಂದೆ ಬಂದು ಸುತ್ತಿಗೆ ಎತ್ತಿಕೊಂಡ. "ಕಲ್ಲು ಒಡೀದೆ ಬಿಡಿಸೋದು ಹೇಗೆ, ಅದನ್ನಾದ್ರೂ ಹೇಳು ಮೇಸ್ತ್ರಿಯಮ್ಮ. ಅದಕ್ಕೆ ಕಣ್ಣು ಬೇಡ ತಾನೇ?"

ಸಂಜೆಯೊಳಗೆ ಬಿಡಿಸಿದೆವು. ಒಡೆದ ಕಲ್ಲು ಕೆಲವೇ. ಎಂಟು ಮನೆಯವರು ಒಬ್ಬರ ಕೈಯಿಂದ ಒಬ್ಬರ ಕೈಗೆ ದಾಟಿಸಿದೆವು. ನನ್ನ ಕೈಗೆ ಬಂದ ಪ್ರತಿ ಕಲ್ಲಿಗೂ ಮನಸ್ಸಿನಲ್ಲೇ ಒಂದು ಧನ್ಯವಾದ ಹೇಳಿದೆ. ಇಂಥ ಜನರ ಜೊತೆ ಇಷ್ಟು ವರ್ಷ ಬರೀ ನಲ್ಲಿ ನೀರಿಗೆ ಜಗಳವಾಡಿದ್ದೆ.

ಮಾರ್ಚ್ ೨೯, ಭಾನುವಾರ

ಹೊಸ ಏರ್ಪಾಡು. ಗುಂಡು, ದಾರ ಎರಡೂ ನನ್ನ ಕೈಯಲ್ಲಿ. ಮೂವತ್ತು ವರ್ಷದಿಂದ ಹೊಲಿಗೆ ನೇರ ಇದೆಯೋ ಇಲ್ಲವೋ ನೋಡಿದ ಕಣ್ಣು ನನ್ನದು. ಅರ್ಧ ನೂಲಿನಷ್ಟು ಓರೆಯಾದರೂ ಗೊತ್ತಾಗುತ್ತದೆ. ನಾನು ನೋಡಿ ಹೇಳುತ್ತೇನೆ, ಅತ್ತೆ ಕೈಯಿಂದ ಸರಿಪಡಿಸುತ್ತಾರೆ.

"ಒಳಗೆ ಒಂದು ಕೂದಲು."

"ಯಾರ ಕೂದಲು? ನಿಂದಾ, ಪಂಕ್ಚರ್‌ನವನದಾ?" ಅವನ ತಲೆ ಬೋಳು.

ಮೂರನೇ ಮನೆ ಮತ್ತೆ ಎದ್ದಿತು. ಎಂಜಿನಿಯರಮ್ಮ ಗುಂಡು ಇಳಿಬಿಟ್ಟರು. ದಾರ ಗೋಡೆಯನ್ನು ಮೇಲಿಂದ ಕೆಳಗಿನವರೆಗೂ ಮುಟ್ಟಿಕೊಂಡೇ ಇಳಿಯಿತು. ಯಾರೋ ಚಪ್ಪಾಳೆ ತಟ್ಟಿದರು. ನನ್ನ ಹೊಲಿಗೆಗೆ ಇದುವರೆಗೆ ಯಾರೂ ಚಪ್ಪಾಳೆ ತಟ್ಟಿದ್ದಿಲ್ಲ.

ಏಪ್ರಿಲ್ ೧೧, ಶನಿವಾರ

ತರಕಾರಿ ಅಕ್ಕ ಅತ್ತೆಯನ್ನು ಸರ್ಕಾರಿ ಕಣ್ಣಾಸ್ಪತ್ರೆಗೆ ಕರೆದುಕೊಂಡು ಹೋಗಿದ್ದಳು. ಬೆಳಿಗ್ಗೆ ಐದಕ್ಕೇ ಸರದಿಯಲ್ಲಿ ನಿಂತು, ತನ್ನ ಒಂದು ದಿನದ ವ್ಯಾಪಾರ ಬಿಟ್ಟು. ಕಣ್ಣಿನ ಪೊರೆಯಂತೆ. ಆಪರೇಷನ್ ಮಾಡಿದರೆ ಸರಿಹೋಗುತ್ತದೆ. ಆದರೆ ಒಂದು ತಿಂಗಳು ಧೂಳು ತಾಗಬಾರದು, ಭಾರ ಎತ್ತಬಾರದು.

ಅಂದರೆ ನಮ್ಮ ಮನೆಯಿಂದ ಒಬ್ಬನೇ ಕೆಲಸಕ್ಕೆ. ನಿಯಮ ತಪ್ಪುತ್ತದೆ. ಸಭೆಯಲ್ಲಿ ನಾನೇ ಎದ್ದು ಹೇಳಿದೆ: "ವಾರದ ಉಳಿದ ದಿನಗಳಲ್ಲೂ ಸಂಜೆ ನಾನು ಬಂದು ತುಂಬಿಸ್ತೀನಿ."

"ಹೊಲಿಯೋದು ಯಾವಾಗ, ನಿನ್ನ ತಾತ ಬಂದು ಹೊಲೀತಾನಾ?" ಎಂದ ಪಂಕ್ಚರ್ ಅಂಗಡಿಯವನು. "ಅಜ್ಜಿ ಕಣ್ಣು ಬರೀ ನಿಂದಾ? ನಮ್ಮೆಲ್ಲರ ಗೋಡೆ ನೋಡ್ಬೇಕಾದ ಕಣ್ಣು. ಏಳು ಮನೆಯಿಂದ ಒಂದೊಂದು ದಿನ ಹೆಚ್ಚಿಗೆ ಬರ್ತೀವಿ, ಮುಗೀತು. ಹತ್ತು ಜನರ ಹುಲ್ಲುಕಡ್ಡಿ, ಒಬ್ಬನ ತಲೆಹೊರೆ."

ಗುಂಪಿನ ಪುಸ್ತಕದಲ್ಲಿ "ಸರ್ವಾನುಮತದಿಂದ ಒಪ್ಪಲಾಯಿತು" ಎಂದು ಬರೆದೆ. ಆ ಪುಸ್ತಕದಲ್ಲಿ ಅಷ್ಟೇ ಬರೆಯಬಹುದು. ಇಲ್ಲಿ ಬರೆಯುತ್ತೇನೆ: ಅವನನ್ನು ತಬ್ಬಿಕೊಳ್ಳಬೇಕೆನಿಸಿತು. ಗ್ರೀಸ್ ಮೆತ್ತಿದ್ದರಿಂದ ಬಿಟ್ಟೆ.

ಏಪ್ರಿಲ್ ೨೪, ಶುಕ್ರವಾರ

ನಿನ್ನೆ ಆಪರೇಷನ್, ಇವತ್ತು ಬೆಳಿಗ್ಗೆ ಪಟ್ಟಿ ಬಿಚ್ಚಿದರು. ನರ್ಸು, "ಏನು ಕಾಣ್ತಿದೆ ಹೇಳಿ" ಎಂದಳು. ಎದುರಿಗೆ ನಾನು ನಿಂತಿದ್ದೆ.

ಅತ್ತೆ ಕಣ್ಣು ಕಿರಿದು ಮಾಡಿ ನೋಡಿದರು. "ಅಯ್ಯೋ, ಇಷ್ಟು ಮುದುಕ ಆಗಿಬಿಟ್ಟಿದೀಯಾ!"

ವಾರ್ಡಿನವರೆಲ್ಲ ನಕ್ಕರು. ನಾನೂ ನಕ್ಕೆ. ಆಮೇಲೆ ನನ್ನ ಹಿಂದಿದ್ದ ಮಗಳನ್ನು ಹತ್ತಿರ ಕರೆದರು. ಗಲ್ಲ ಹಿಡಿದು ಬೆಳಕಿನ ಕಡೆ ತಿರುಗಿಸಿದರು. ತುಂಬ ಹೊತ್ತು ನೋಡಿದರು. ಒಂದು ವರ್ಷದಲ್ಲಿ ಹುಡುಗಿ ಬೆಳೆದಿದ್ದಾಳೆ. ಮೂಗು, ಹುಬ್ಬು, ಎಲ್ಲ ಅವಳ ತಾಯಿಯದೇ ಆಗಿದೆ. ನಾನು ದಿನಾ ನೋಡುವವನು, ನನಗೆ ಮೆಲ್ಲಮೆಲ್ಲಗೆ ಗೊತ್ತಾಗಿತ್ತು. ಅವರಿಗೆ ಒಂದೇ ಸಲ.

"ಅಳಬೇಡಿ ಅಜ್ಜಿ, ಹೊಲಿಗೆಗೆ ತೊಂದರೆ" ಎಂದಳು ನರ್ಸು.

"ಅಳ್ತಿಲ್ಲ. ನೋಡ್ತಿದೀನಿ."

ಮೇ ೨೪, ಭಾನುವಾರ

ಛಾವಣಿ! ಎಂಟು ಮನೆಗಳಲ್ಲಿ ಕೊನೆಯದಕ್ಕೂ ಇವತ್ತು ಕಾಂಕ್ರೀಟು ಬಿತ್ತು. ಬೆಳಿಗ್ಗೆ ಆರರಿಂದ ಸಂಜೆ ಐದರವರೆಗೆ ಏಣಿಯ ಮೇಲೆ ಸಾಲಾಗಿ ನಿಂತು ಬಾಣಲಿ ದಾಟಿಸಿದೆವು. ಅತ್ತೆ ದೂರದಲ್ಲಿ ಕುರ್ಚಿ ಹಾಕಿಸಿಕೊಂಡು, ಕಪ್ಪು ಕನ್ನಡಕದಲ್ಲಿ ಕೂತು ಆಜ್ಞೆ ಕೊಡುತ್ತಿದ್ದರು. "ಸಿನಿಮಾದವರ ಥರ ಕೂತಿದಾಳೆ ನೋಡು" ಎಂದ ಪಂಕ್ಚರ್ ಅಂಗಡಿಯವನು. "ಆ ಮೂಲೇಲಿ ಕಬ್ಬಿಣ ಕಾಣ್ತಿದೆ, ಬಾಯಿ ಮುಚ್ಕೊಂಡು ಮುಚ್ಚು" ಎಂದರು ಅವರು. ಅಷ್ಟು ದೂರದಿಂದ! ಆ ಡಾಕ್ಟರನ್ನು ದೇವರು ಚೆನ್ನಾಗಿಟ್ಟಿರಲಿ.

ಐದೂವರೆಗೆ ಮೊದಲ ಹನಿ ಬಿತ್ತು. ತಾಡಪಾಲು ಹೊದಿಸಿಯಾಗಿತ್ತು. ಎಲ್ಲರೂ ಮೂರನೇ ಮನೆಯೊಳಗೆ ನಿಂತು ಮಳೆ ನೋಡಿದೆವು. ನಮ್ಮ ತಲೆಯ ಮೇಲೆ ಸದ್ದಿಲ್ಲ. ತಗಡಿನ ಕೆಳಗೆ ಬದುಕಿದವರಿಗೇ ಗೊತ್ತು, ಸದ್ದಿಲ್ಲದ ಮಳೆ ಎಂದರೆ ಏನೆಂದು.

ಜೂನ್ ೭, ಭಾನುವಾರ

ಭಾವಮೈದುನ ಬಂದಿದ್ದ. ಹೇಳಿದ ಮಾತಿಗೆ ತಪ್ಪದವನು. ಅಮ್ಮನಿಗೆಂದು ಹೊಸ ಚಾಪೆ, ದಿಂಬು ಕೊಂಡಿಟ್ಟಿದ್ದಾನಂತೆ. ನನಗೆ ಅವನ ಮೇಲೆ ಕೆಟ್ಟ ಕೋಪ ಬಂತು. ಕಾರಣವೇ ಇಲ್ಲ.

"ಇನ್ನೂ ಗೋಡೆಗೆ ಗಾರೆ ಬಳಿದು ಗಿಲಾವು ಮಾಡೋದು ಬಾಕಿ ಇದೆ" ಎಂದೆ.

"ಗಿಲಾವು ಮಾಡೋಕೆ ಅಮ್ಮ ಯಾಕೆ ಭಾವ? ಎಪ್ಪತ್ತು ದಾಟಿದೆ."

"ನೆಲ ಬಾಕಿ ಇದೆ. ಕಿಟಕಿ ಕೂರಿಸ್ಬೇಕು. ನಲ್ಲಿ..."

"ಭಾವ," ಎಂದ ಅವನು ಮೆಲ್ಲಗೆ, "ಕರ್ಕೊಂಡು ಹೋಗು ಅಂತ ಹೇಳಿದ್ದು ನೀವೇ."

ಅತ್ತೆ ನಮ್ಮಿಬ್ಬರ ನಡುವೆ ಕೂತು ಚಹಾ ಕುಡಿಯುತ್ತಿದ್ದರು, ಸಂತೆಯಲ್ಲಿ ತನ್ನ ಬೆಲೆ ಕೇಳುತ್ತಿರುವವರನ್ನು ನೋಡುವ ಹಾಗೆ. ಲೋಟ ಕೆಳಗಿಟ್ಟರು. "ನಡಿ ಮಗನೇ, ಒಂದು ವಾರ ಇದ್ದು ಬರ್ತೀನಿ. ನಿನ್ನ ಮನೇನ ಇದುವರೆಗೆ ಸರಿಯಾಗಿ ಕಣ್ಣಲ್ಲಿ ನೋಡೇ ಇಲ್ಲ."

ಹೊರಟೇ ಹೋದರು. ಒಂದು ವಾರ ಎಂದರೆ ಒಂದು ವಾರವೇ ಇರಬೇಕು. ಗಿಲಾವಿಗೆ ಅವರು ಬೇಕೇ ಬೇಕು, ಅದಕ್ಕೇ ಚಿಂತೆ.

ಜೂನ್ ೯, ಮಂಗಳವಾರ

ಮಗಳು ಮಾತಾಡುತ್ತಿಲ್ಲ. "ಅಜ್ಜೀನ ಯಾಕೆ ಕಳಿಸಿದೆ?" ಎಂದಳು. ನಾನು ಕಳಿಸಲಿಲ್ಲ ಎಂದೆ. ಮೂರು ಲೋಟ ಚಹಾ ಮಾಡಿದೆ.

ಜೂನ್ ೧೦, ಬುಧವಾರ

ಏನೂ ಇಲ್ಲ.

ಜೂನ್ ೧೧, ಗುರುವಾರ

ಬೆಳಿಗ್ಗೆ ಹತ್ತಕ್ಕೆ ಅತ್ತೆ ಒಬ್ಬರೇ ಎರಡು ಬಸ್ಸು ಬದಲಿಸಿ ಬಂದಿಳಿದರು, ಬಗಲಲ್ಲಿ ಹೊಸ ದಿಂಬು.

"ವಾರ ಅಂದಿದ್ರಿ?"

"ಅವನ ಮನೆ ಗೋಡೆ ನೋಡೋಕಾಗಲ್ಲ ಕಣೋ. ಒಂದೊಂದೂ ಒಂದೊಂದು ಕಡೆ ಓಡ್ತಿದೆ. ದುಡ್ಡು ಕೊಟ್ಟು ಕಟ್ಟಿಸಿದ್ದು! ಮಲಗಿದ್ರೆ ತಲೆ ತಿರುಗುತ್ತೆ." ಚಪ್ಪಲಿ ಕಳಚಿದರು. "ಅವನು ಕೇಳಿದ, ಸ್ವಂತ ಮಗ ನಾನಿರುವಾಗ ಅವನು ನಿನಗೆ ಏನಾಗ್ಬೇಕು ಅಂತ."

"ಏನಂದ್ರಿ?"

"ಅಳಿಯ ಅಲ್ಲ, ಮಗಳ ಗಂಡ ಅಂದೆ."

ನಾನು ಏನಾದರೂ ಹೇಳಬೇಕಿತ್ತು. ಫೋನ್ ಮಾಡಿದ್ದಕ್ಕೆ, ಆ ಜನವರಿಯ ಲೆಕ್ಕಾಚಾರಕ್ಕೆ. "ಯಂತ್ರಾನ ಅಡುಗೆಮನೆ ಕಿಟಕಿ ಹತ್ತಿರ ಇಟ್ರೆ, ಕೋಣೇಲಿ ನೀವೂ ಮಗಳೂ ಆರಾಮಾಗಿ ಮಲಗಬಹುದು" ಎಂದೆ.

"ಗೊತ್ತು. ಅದಕ್ಕೇ ಆ ಕಿಟಕೀನ ಎಲ್ಲಾ ಮನೇಲೂ ಎರಡು ಕಲ್ಲು ಅಗಲ ಬಿಡಿಸಿದ್ದು" ಎಂದರು. "ಯಾವ ಮನೆ ಬರುತ್ತೋ ಯಾರಿಗೆ ಗೊತ್ತು?"

ಜೂನ್ ೨೮, ಭಾನುವಾರ

ಚೀಟಿ ಎತ್ತಿದೆವು. ನಮಗೆ ಐದನೇ ಮನೆ. ಪಂಕ್ಚರ್ ಅಂಗಡಿಯವನಿಗೆ ಎಂಟು, ತರಕಾರಿ ಅಕ್ಕನಿಗೆ ಮೂರು. ಒಳ್ಳೆಯದು ಬಂತು, ಕೆಟ್ಟದು ಬಂತು ಎಂದು ಯಾರೂ ಮುಖ ಸಣ್ಣ ಮಾಡಲಿಲ್ಲ, ಮಾಡಲು ಕಾರಣವಿರಲಿಲ್ಲ. ಎಂಜಿನಿಯರಮ್ಮ ಹಕ್ಕುಪತ್ರಕ್ಕೆ ಹೆಸರು ಕೇಳಿದರು. ಅತ್ತೆಯದನ್ನು ಮೊದಲು ಬರೆಸಿದೆ, ಕೆಳಗೆ ನನ್ನದು, ಮಗಳದು. ವಯಸ್ಸಿನ ಪ್ರಕಾರ ಬರೆಸಿದರೆ ಹಾಗೇ ತಾನೇ?

ಸಂಜೆ ಖಾಲಿ ಕೋಣೆಯಲ್ಲಿ ನಾವು ಮೂವರು ಗೋಡೆಗೆ ಒರಗಿ ಕೂತೆವು. ಅತ್ತೆ ಒಂದೊಂದನ್ನೇ ತೋರಿಸಿದರು: ಈ ಗೋಡೆ ತರಕಾರಿಯವಳದು, ಕಲ್ಲಿನ ಸಂದಿಗೆ ಗಾರೆ ಜಾಸ್ತಿ ಮೆತ್ತುತ್ತಾಳೆ, ಆ ನೆಲ ಪಂಕ್ಚರ್‌ನವನ ಹೆಂಡತಿಯದು, ನೀರು ನಿಲ್ಲುವುದಿಲ್ಲ, ಬಾಗಿಲಿನ ಚೌಕಟ್ಟು ಅವನದು. ನಮ್ಮ ಮನೆಯಲ್ಲಿ ನಾವು ಕಟ್ಟಿದ್ದು ಹೆಚ್ಚೇನೂ ಇಲ್ಲ. ಊರಿಗೆ ಬಂದ ಮೇಲೆ ಇಷ್ಟು ಜನರ ಋಣ ಒಂದೇ ಕಡೆ ಕೂತು ನೋಡಿದ್ದು ಇವತ್ತೇ. ತೀರಿಸುವ ಋಣವಲ್ಲ ಇದು, ಒಳಗೆ ವಾಸಮಾಡುವುದು.

ಜುಲೈ ೧೮, ಶನಿವಾರ

ಮುಂದಿನ ಗುಂಪಿನವರು ಪಕ್ಕದ ಬೀದಿಯಲ್ಲಿ ಗೋಡೆ ಶುರು ಮಾಡಿದ್ದಾರೆ. ಒಂದು ದಿನ ಬಂದು ತೋರಿಸಿಕೊಡಿ ಎಂದು ಎಂಜಿನಿಯರಮ್ಮ ಕೇಳಿದ್ದರು. ಅತ್ತೆ ಕರಣೆ ಹಿಡಿದರು, ನಾನು ದಾರ ಇಳಿಬಿಟ್ಟೆ. ಆಸ್ಪತ್ರೆಯಲ್ಲಿ ಕಸ ಗುಡಿಸುವ ಒಬ್ಬ ಹೆಂಗಸು ನನ್ನ ಪಕ್ಕ ಬಂದು ನಿಂತು, ನಾನು ಮಾಡುವುದನ್ನೇ ನೋಡುತ್ತಿದ್ದಳು.

"ನೀವು ಟೈಲರ್ ಅಂತೆ. ಇದನ್ನ ಯಾರು ಕಲಿಸಿದ್ರು ನಿಮಗೆ?"

"ನಮ್ಮಮ್ಮ" ಎಂದೆ.

ಗುಂಡು ತೂಗಾಡುತ್ತಿತ್ತು, ನಿಲ್ಲಲಿ ಎಂದು ಕಾಯುತ್ತಿದ್ದೆ, ಹಾಗಾಗಿ ಯೋಚಿಸದೆ ಬಂದ ಮಾತು. ಸರಿಪಡಿಸಬೇಕೆಂದು ಆಮೇಲೆ ಅನಿಸಿದರೂ ಅಷ್ಟರಲ್ಲಿ ಆ ಹೆಂಗಸು ಕಲ್ಲು ತರಲು ಹೋಗಿದ್ದಳು. ಅತ್ತೆ ಗೋಡೆಯ ಆ ಬದಿಯಲ್ಲಿದ್ದರು. ಕರಣೆಯ ಸದ್ದು ಒಂದು ಗಳಿಗೆ ನಿಂತಿತು.

"ಗಾರೆ ಒಣಗ್ತಿದೆ" ಎಂದರು ಅಲ್ಲಿಂದ. "ದಾರ ಏನು ಹೇಳುತ್ತೆ, ಅದನ್ನ ಹೇಳು."

"ನೇರ ಇದೆ" ಎಂದೆ.